ಕಪ್ಪಾದ ಓಲೆಗರಿಯನ್ನು ಓದುವುದು ಹೇಗೆ?

ಕಪ್ಪಾಗಿಹೋದ ಎಲೆ, ಅದರ ಮೇಲೆ ಕಪ್ಪು ಮಸಿಯ ಅಕ್ಷರ. ಕಿಟಕಿಯ ಬಳಿ ಹಿಡಿದರೂ, ಭೂತಗನ್ನಡಿ ಇಟ್ಟು ನೋಡಿದರೂ ಅಕ್ಷರ ಯಾವುದು, ಕಲೆ ಯಾವುದು ಎಂದು ಗೊತ್ತಾಗುವುದಿಲ್ಲ. ಇಂಥ ಎಲೆಯನ್ನು ಓದಲು ಸಾಧ್ಯವೇ? ಸಾಧ್ಯ. ನಮ್ಮ ಉಡುಪಿಯಲ್ಲೇ ಅದು ನಡೆದಿದೆ. 2006ರ ಜೂನ್ ತಿಂಗಳಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತಂಡವೊಂದು ಇಲ್ಲಿಗೆ ಬಂದು, ಆರು ದಿನ ಕೆಲಸ ಮಾಡಿ, ಸುಮಾರು 700 ವರ್ಷ ಹಳೆಯ ‘ಸರ್ವಮೂಲ’ ಓಲೆಗರಿಗಳ ಚಿತ್ರ ತೆಗೆಯಿತು. ಮನುಷ್ಯನ ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆದ ಆ ಚಿತ್ರಗಳಲ್ಲಿ ಎಲೆ ತಿಳಿಯಾಯಿತು, ಮಸಿ ಮಸಿಯಾಗಿಯೇ ಉಳಿಯಿತು, ಅಕ್ಷರಗಳು ಎದ್ದು ಬಂದವು.

ಈ ಸಂಗತಿ ನಮ್ಮೂರಿನಲ್ಲೇ ಎಷ್ಟು ಜನರಿಗೆ ಗೊತ್ತು? ಇಟಲಿಯಲ್ಲಿ ಸುಟ್ಟು ಕರಕಲಾದ ಸುರುಳಿಯೊಂದನ್ನು ಕಂಪ್ಯೂಟರ್ ಓದಿತು ಎಂಬ ಸುದ್ದಿ ಬಂದಾಗ ಅದು ವಾಟ್ಸ್‌ಆ್ಯಪ್‌ನಲ್ಲಿ ಬನ್ನಂಜೆಯಿಂದ ಮಣಿಪಾಲದವರೆಗೆ, ಕಾಪುವಿನಿಂದ ಕಾರ್ಕಳದವರೆಗೆ ಓಡಾಡುತ್ತದೆ. ಈಜಿಪ್ಟಿನಲ್ಲಿ ಹೊಸ ಗೋರಿ ಸಿಕ್ಕಿತು, ಚಂದ್ರನ ಮಣ್ಣಿನಲ್ಲಿ ಹೊಸದೇನೋ ಕಂಡಿತು ಎಂದರೆ ಸಂಜೆಯ ಮಾತಿಗೆ ವಿಷಯ ಸಿಗುತ್ತದೆ. ಈ ಕುತೂಹಲ ಒಳ್ಳೆಯದು, ಅದು ಇರಲೇಬೇಕು. ಆದರೆ ಅದೇ ವಿಜ್ಞಾನ, ಅದೇ ಬಗೆಯ ಶೋಧನೆ ರಥಬೀದಿಯ ಆಸುಪಾಸಿನಲ್ಲಿ ನಡೆದಾಗ ನಾವು ಅದನ್ನು ಗಮನಿಸದೆ ದಾಟಿಬಿಟ್ಟೆವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥ ಕಡೆ ಹೆಚ್ಚು ಹಾನಿ ಮಾಡುತ್ತದೆ. ಏಕೆಂದರೆ ಓದದೆ ಉಳಿದ ಓಲೆಗರಿ ವರ್ಷದಿಂದ ವರ್ಷಕ್ಕೆ ಪುಡಿಯಾಗುತ್ತಲೇ ಇರುತ್ತದೆ.

ಮೊದಲು ಓಲೆಗರಿ ಎಂದರೇನು ಎಂಬುದನ್ನು ನೋಡೋಣ. ನಮ್ಮ ಕಡೆ ಬರವಣಿಗೆಗೆ ಎರಡು ಬಗೆಯ ಮರಗಳ ಗರಿ ಬಳಕೆಯಲ್ಲಿತ್ತು. ಒಂದು ಸಾಮಾನ್ಯ ತಾಳೆ. ಅದರ ಗರಿ ದಪ್ಪ, ಅಗಲ ಕಡಿಮೆ. ಇನ್ನೊಂದು ಶ್ರೀತಾಳೆ. ಅದರ ಗರಿ ತೆಳು, ನಯ, ಉದ್ದ. ಶ್ರೀತಾಳೆ ನಮ್ಮ ಕರಾವಳಿಗೆ ಹೊಸದಲ್ಲ, ಅದರ ಎಲೆಯಿಂದ ಮಳೆಗಾಲಕ್ಕೆ ಓಲೆಕೊಡೆ ಮಾಡುತ್ತಿದ್ದರು. ಮೂವತ್ತರಿಂದ ಎಂಬತ್ತು ವರ್ಷ ಬದುಕಿ, ಆಯುಷ್ಯದಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಿ ಹಣ್ಣಾದ ಮೇಲೆ ಸಾಯುವ ಮರ ಇದು. ಇದರಷ್ಟು ದೊಡ್ಡ ಕವಲೊಡೆದ ಹೂಗೊಂಚಲು ಜಗತ್ತಿನ ಬೇರೆ ಯಾವ ಗಿಡದಲ್ಲೂ ಇಲ್ಲ. ಹೂ ಬಿಟ್ಟರೆ ಊರಿಗೆ ಅಪಶಕುನ ಎಂದು ನಂಬಿ ಮರವನ್ನೇ ಕಡಿದು ಹಾಕಿದ್ದೂ ಉಂಟು. ಅರಳುವುದೇ ಒಂದು ಸಲ, ಆಗಲೇ ಕಡಿದರೆ ಬೀಜವೂ ಇಲ್ಲ, ಮುಂದಿನ ಸಂತತಿಯೂ ಇಲ್ಲ. ಪುಸ್ತಕ ಕೊಟ್ಟ ಮರಕ್ಕೆ ನಾವು ಮಾಡಿದ ಅನ್ಯಾಯ ಇದು.

ಗರಿಯನ್ನು ಕೊಯ್ದು, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡಿ, ಒಂದೇ ಅಳತೆಗೆ ಕತ್ತರಿಸುತ್ತಿದ್ದರು. ದಾರ ಪೋಣಿಸಲು ತೂತು. ಮೇಲೆ ಕೆಳಗೆ ರಕ್ಷಣೆಗೆ ಮರದ ಹಲಗೆ. ಬರೆಯುವುದು ಕಂಟದಿಂದ, ಅಂದರೆ ಮೊನಚಾದ ಕಬ್ಬಿಣದ ಕಡ್ಡಿಯಿಂದ. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಂಟ. ಕಂಟ ಗರಿಯ ಮೈಯನ್ನು ಕೊರೆಯುತ್ತದೆ. ಹಾಗೆ ಕೊರೆದ ಅಕ್ಷರ ಆ ಕ್ಷಣಕ್ಕೆ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಇಡೀ ಗರಿಗೆ ಬಳಿದು ಬಟ್ಟೆಯಿಂದ ಒರೆಸಿದರೆ ಮೇಲಿನ ಮಸಿ ಹೋಗಿ, ಕೊರೆದ ಗೀರಿನೊಳಗೆ ಇಳಿದ ಮಸಿ ಮಾತ್ರ ಉಳಿಯುತ್ತದೆ. ಆಗ ಹೊಂಬಣ್ಣದ ಗರಿಯ ಮೇಲೆ ಕಪ್ಪು ಅಕ್ಷರ ತಟ್ಟನೆ ಕಾಣಿಸಿಕೊಳ್ಳುತ್ತದೆ.

ಈ ವಿಧಾನದಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಓಲೆಗರಿಯಲ್ಲಿ ಅಕ್ಷರ ಎರಡು ರೂಪದಲ್ಲಿ ಇರುತ್ತದೆ: ಗೀರಾಗಿ ಒಂದು, ಮಸಿಯಾಗಿ ಇನ್ನೊಂದು. ಮಸಿ ಉದುರಿದರೂ ಗೀರು ಉಳಿದಿರುತ್ತದೆ. ಅಂಥ ಗರಿಗೆ ಪಕ್ಕದಿಂದ, ಬಹಳ ತಗ್ಗಿನಿಂದ ಓರೆಯಾಗಿ ಬೆಳಕು ಬಿಟ್ಟರೆ ಪ್ರತಿ ಗೀರಿನ ಅಂಚಿನಲ್ಲೂ ಸಣ್ಣ ನೆರಳು ಬಿದ್ದು ಅಕ್ಷರ ಓದಲು ಬರುತ್ತದೆ. ಕಲ್ಲಿನ ಶಾಸನ ಓದುವವರು ಬೆಳಿಗ್ಗೆ ಅಥವಾ ಸಂಜೆಯ ಇಳಿಬಿಸಿಲಿಗೆ ಕಾಯುವುದೂ ಇದೇ ಕಾರಣಕ್ಕೆ. ಇದಕ್ಕೆ ದೊಡ್ಡ ಯಂತ್ರ ಬೇಡ, ಒಂದು ಟಾರ್ಚು ಸಾಕು.

ಕಷ್ಟ ಬರುವುದು ಗರಿಯೇ ಕಪ್ಪಾದಾಗ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ತಿಂಗಳುಗಟ್ಟಲೆ ಗಾಳಿಯಲ್ಲಿ ತೇವ. ತೇವ ಇದ್ದಲ್ಲಿ ಬೂಷ್ಟು, ಹುಳ, ಗೆದ್ದಲು. ಹಿಂದಿನವರು ಓಲೆಗರಿಯ ಕಟ್ಟುಗಳನ್ನು ಅಟ್ಟದಲ್ಲಿ, ಅಡುಗೆಮನೆಯ ಹೊಗೆ ತಾಗುವ ಜಾಗದಲ್ಲಿ ಇಡುತ್ತಿದ್ದರು. ಹೊಗೆಯಿಂದ ಹುಳ ದೂರ ಇರುತ್ತಿತ್ತು, ಶಾಖದಿಂದ ತೇವ ಆರುತ್ತಿತ್ತು. ಆದರೆ ಅದೇ ಹೊಗೆ ಶತಮಾನಗಳಲ್ಲಿ ಗರಿಯ ಬಣ್ಣವನ್ನೂ ಕೆಡಿಸಿತು. ಗರಿ ಒಣಗಿ ಸಿಡಿಯಬಾರದು ಎಂದು ಹಚ್ಚಿದ ಎಣ್ಣೆಯಿಂದ ಇನ್ನೂ ಹೆಚ್ಚು ತೊಂದರೆಯಾಯಿತು. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ಕೊನೆಗೆ ಕಡು ಕಂದಾಗುತ್ತದೆ. ಸರ್ವಮೂಲದ ಓಲೆಗಳಿಗೂ ಆದದ್ದು ಇದೇ.

ಸರ್ವಮೂಲ ಎಂದರೆ ಮಧ್ವಾಚಾರ್ಯರ ಸಮಗ್ರ ಕೃತಿಗಳು. ಅವರ ನೇರ ಶಿಷ್ಯರೂ ಪಲಿಮಾರು ಮಠದ ಮೊದಲ ಯತಿಗಳೂ ಆದ ಹೃಷೀಕೇಶತೀರ್ಥರು ಇವನ್ನು ತುಳು ಲಿಪಿಯಲ್ಲಿ ಓಲೆಗರಿಗೆ ಇಳಿಸಿದರು ಎಂದು ಪರಂಪರೆ ಹೇಳುತ್ತದೆ. ಪಲಿಮಾರು ಮಠದಲ್ಲಿ ಉಳಿದು ಬಂದ ಆ ಪ್ರತಿಗೆ ಏಕೆ ಅಷ್ಟು ಬೆಲೆ ಎಂಬುದು ಓಲೆಗರಿಯ ಆಯುಷ್ಯ ಗೊತ್ತಿದ್ದರೆ ಅರ್ಥವಾಗುತ್ತದೆ. ನಮ್ಮ ಹವೆಯಲ್ಲಿ ಒಂದು ಗರಿ ಇನ್ನೂರು, ಮುನ್ನೂರು ವರ್ಷ ಬಾಳಿದರೆ ದೊಡ್ಡದು. ಆದ್ದರಿಂದ ಯಾವುದೇ ಹಳೆಯ ಕೃತಿ ಉಳಿಯಬೇಕಾದರೆ ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕೂತು ಪ್ರತಿ ಮಾಡಲೇಬೇಕು. ಪ್ರತಿ ಮಾಡುವಾಗ ತಪ್ಪು ಸೇರುತ್ತದೆ. ಒಂದೇ ಪದ ಎರಡು ಸಾಲಿನಲ್ಲಿ ಬಂದಿದ್ದರೆ ಕಣ್ಣು ಜಾರಿ ನಡುವಿನ ಸಾಲು ಬಿಟ್ಟುಹೋಗುತ್ತದೆ. ಒಂದರಂತೆ ಒಂದು ಕಾಣುವ ಅಕ್ಷರಗಳು ಅದಲುಬದಲಾಗುತ್ತವೆ. ಅರ್ಥವಾಗದ ಮಾತನ್ನು ಪ್ರತಿಕಾರ ತನಗೆ ತಿಳಿದಂತೆ ತಿದ್ದುತ್ತಾನೆ. ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿ ಮುಂದಿನ ಪ್ರತಿಯಲ್ಲಿ ಮೂಲದೊಳಗೇ ಸೇರಿಬಿಡುತ್ತದೆ. ಹತ್ತು ಕೈ ದಾಟಿ ಬಂದ ಪಾಠಕ್ಕೂ ಮೂಲದ ಹತ್ತಿರವೇ ನಿಂತ ಪಾಠಕ್ಕೂ ಇರುವ ವ್ಯತ್ಯಾಸ ಇದು. 700 ವರ್ಷದ ಪ್ರತಿ ಸಿಕ್ಕಿತೆಂದರೆ ನಡುವಿನ ಎಷ್ಟೋ ಕೈಗಳನ್ನು ಹಾರಿ ಹಿಂದಕ್ಕೆ ಹೋದಂತೆ.

ಬನ್ನಂಜೆಯ ಹೆಸರು ಇಲ್ಲಿ ಬರುತ್ತದೆ. 1936ರ ಆಗಸ್ಟ್ 3ರಂದು ಈ ಊರಿನಲ್ಲಿ ಹುಟ್ಟಿದ ಬನ್ನಂಜೆ ಗೋವಿಂದಾಚಾರ್ಯರನ್ನು ನಾಡು ಪ್ರವಚನಕಾರರೆಂದು, ‘ಉದಯವಾಣಿ’ಯ ಪತ್ರಕರ್ತರೆಂದು, ಶೂದ್ರಕನ ಮೃಚ್ಛಕಟಿಕವನ್ನು ಕನ್ನಡಕ್ಕೆ ತಂದ ಕವಿಯೆಂದು, ಜಿ.ವಿ. ಅಯ್ಯರ್ ಅವರ ಸಂಸ್ಕೃತ ಸಿನಿಮಾಕ್ಕೆ ಸಂಭಾಷಣೆ ಬರೆದವರೆಂದು ನೆನೆಯುತ್ತದೆ. 2009ರಲ್ಲಿ ಪದ್ಮಶ್ರೀ ಬಂತು, 2020ರ ಡಿಸೆಂಬರ್ 13ರಂದು ಅವರು ತೀರಿಕೊಂಡರು. ಇಷ್ಟೆಲ್ಲದರ ನಡುವೆ ಅವರ ಇನ್ನೊಂದು ಕೆಲಸ ಸಾಮಾನ್ಯ ಓದುಗರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಹೃಷೀಕೇಶತೀರ್ಥರ ಓಲೆಗರಿಯ ಪಾಠವನ್ನು ಓದಿ, ಆವರೆಗೆ ಅಚ್ಚಾಗಿದ್ದ ಪುಸ್ತಕಗಳ ಪಾಠದೊಂದಿಗೆ ಹೋಲಿಸಿ, ಪಾಠಭೇದಗಳನ್ನು ಗುರುತಿಸಿ, ಸರ್ವಮೂಲವನ್ನು ಸಂಪುಟಗಳಾಗಿ ಸಂಪಾದಿಸಿಕೊಟ್ಟವರು ಅವರು. ಉಡುಪಿಯ ಅಖಿಲ ಭಾರತ ಮಾಧ್ವ ಮಹಾಮಂಡಲ ಅದನ್ನು ಪ್ರಕಟಿಸಿತು. ಅಮೆರಿಕದ ಕ್ಯಾಮೆರಾ ಇಲ್ಲಿಗೆ ಬರುವುದಕ್ಕೆ ಸುಮಾರು ಮೂರು ದಶಕಗಳ ಹಿಂದಿನ ಮಾತು ಇದು.

ಆ ಕೆಲಸ ಎಂಥದ್ದೆಂದು ಸ್ವಲ್ಪ ಯೋಚಿಸಿ. ಓಲೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಸಾಲು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ ಓಡುತ್ತದೆ. ದಾರದ ತೂತಿನ ಸುತ್ತ ಗರಿ ಸವೆದಿರುತ್ತದೆ, ಅಂಚು ಮುರಿದಿರುತ್ತದೆ. ಲಿಪಿ ತುಳುವಿನದು, ಭಾಷೆ ಸಂಸ್ಕೃತ, ವಿಷಯ ವೇದಾಂತ. ಲಿಪಿ ಮಾತ್ರ ಗೊತ್ತಿದ್ದರೆ ಸಾಲದು, ಪದ ಎಲ್ಲಿ ಒಡೆಯಬೇಕೆಂದು ವ್ಯಾಕರಣ ಗೊತ್ತಿರಬೇಕು. ವ್ಯಾಕರಣ ಗೊತ್ತಿದ್ದರೂ ಸಾಲದು, ಆ ವಾದ ಆ ಜಾಗದಲ್ಲಿ ಹಾಗೆ ಬರಬಹುದೇ ಎಂದು ಶಾಸ್ತ್ರ ತಿಳಿದಿರಬೇಕು. ಛಂದಸ್ಸು ಗೊತ್ತಿದ್ದರೆ ಶ್ಲೋಕದಲ್ಲಿ ಉದುರಿಹೋದ ಅಕ್ಷರ ಲಘುವೋ ಗುರುವೋ ಎಂಬುದನ್ನಾದರೂ ಹೇಳಬಹುದು. ಇಷ್ಟೂ ಒಬ್ಬರ ತಲೆಯಲ್ಲಿ ಕೂಡಿದಾಗ ಮಾತ್ರ ಓಲೆಗರಿ ಪುಸ್ತಕವಾಗುತ್ತದೆ. ಹಳೆಯ ಮಣ್ಣಿನ ಪದರದಲ್ಲಿ ಸಿಕ್ಕ ಮಡಕೆಯ ಚೂರುಗಳನ್ನು ಜೋಡಿಸುವ ಪುರಾತತ್ತ್ವಜ್ಞರ ಶ್ರಮಕ್ಕಿಂತ ಇದು ಕಡಿಮೆಯದೇನಲ್ಲ.

ಆದರೆ ಪಂಡಿತರ ಕಣ್ಣಿಗೂ ಒಂದು ಮಿತಿ ಇದೆ. ಹೊಸ ಶತಮಾನದ ಹೊತ್ತಿಗೆ ಓಲೆಗಳ ಸ್ಥಿತಿ ಹದಗೆಟ್ಟಿತ್ತು. ಸುಮಾರು 26 ಅಂಗುಲ ಉದ್ದ, 2 ಅಂಗುಲ ಅಗಲದ 340 ಗರಿಗಳು, ಮೇಲೆ ಕೆಳಗೆ ಭಾರದ ಮರದ ಹಲಗೆ. ಅಂಚುಗಳು ಸೀಳಿ ಪುಡಿಯಾಗುತ್ತಿದ್ದವು. ಸುಮಾರು ಶೇ 15ರಷ್ಟು ಭಾಗ ಆಗಲೇ ಇಲ್ಲವಾಗಿತ್ತು. ಕಟ್ಟು ಬಿಚ್ಚಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಉದುರುತ್ತಿತ್ತು. ರೋಚೆಸ್ಟರ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಪಿ.ಆರ್. ಮುಕುಂದ್ ಅವರ ಕಿವಿಗೆ ಈ ವಿಷಯ ಬಿದ್ದದ್ದು ಅವರ ಗುರುಗಳ ಮೂಲಕ. ಅದೇ ಸಂಸ್ಥೆಯ ಚಿತ್ರಣ ವಿಜ್ಞಾನಿ ರೋಜರ್ ಈಸ್ಟನ್ ಅವರನ್ನು ಮುಕುಂದ್ ಜೊತೆಗೂಡಿಸಿಕೊಂಡರು. ಕೀತ್ ನಾಕ್ಸ್ ಎಂಬ ವಿಜ್ಞಾನಿಯೂ ಸಂಶೋಧನಾ ವಿದ್ಯಾರ್ಥಿ ಅಜಯ್ ಪಸುಪುಲೇಟಿಯೂ ತಂಡ ಸೇರಿದರು. 2005ರ ಡಿಸೆಂಬರ್‌ನಲ್ಲಿ ಉಡುಪಿಗೆ ಬಂದು ಓಲೆಗಳನ್ನು ಪರೀಕ್ಷಿಸಿದರು. ಆರು ತಿಂಗಳ ಬಳಿಕ ಕ್ಯಾಮೆರಾದೊಂದಿಗೆ ಮರಳಿದರು.

ಈಸ್ಟನ್ ಮತ್ತು ನಾಕ್ಸ್ ಆ ಹೊತ್ತಿಗೆ ಹಸ್ತಪ್ರತಿ ಜಗತ್ತಿನ ಅತಿ ಪ್ರಸಿದ್ಧ ಪ್ರಕರಣವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಕೃತಿಗಳ 10ನೇ ಶತಮಾನದ ಚರ್ಮದ ಪುಸ್ತಕವೊಂದನ್ನು 1229ರಲ್ಲಿ ಯಾರೋ ಕೆರೆದು ಅಳಿಸಿ, ಅದರ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದರು. 1998ರಲ್ಲಿ ಅದು 20 ಲಕ್ಷ ಡಾಲರ್‌ಗೆ ಹರಾಜಾಯಿತು. ಬಾಲ್ಟಿಮೋರ್‌ನ ವಾಲ್ಟರ್ಸ್ ಕಲಾ ಸಂಗ್ರಹಾಲಯದಲ್ಲಿ ಅದನ್ನು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ, ನೇರಳಾತೀತ ಕಿರಣದಲ್ಲಿ ಚಿತ್ರ ತೆಗೆದು, ಅಳಿಸಿಹೋದ ಆರ್ಕಿಮಿಡೀಸನನ್ನು ಮತ್ತೆ ಓದಿದರು. ಆ ಕೆಲಸದಲ್ಲಿ ಪಳಗಿದ ಕೈಗಳು ಉಡುಪಿಯ ಓಲೆಗರಿಗೂ ಒದಗಿದವು.

ಅವರು ಬಳಸಿದ ಉಪಾಯ ಅರ್ಥಮಾಡಿಕೊಳ್ಳಲು ಕಷ್ಟವಿಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ನೇರಳೆಯಿಂದ ಶುರುವಾಗಿ ಕೆಂಪಿಗೆ ಮುಗಿಯುತ್ತದೆ. ಕೆಂಪಿನ ಆಚೆಗೂ ಬೆಳಕು ಉಂಟು, ನಮಗೆ ಕಾಣುವುದಿಲ್ಲ ಅಷ್ಟೆ. ಅದು ಇನ್‌ಫ್ರಾರೆಡ್, ಕನ್ನಡದಲ್ಲಿ ಅವಕೆಂಪು. ಇದನ್ನು ಮನೆಯಲ್ಲೇ ನೋಡಬಹುದು. ಕೋಣೆಯ ದೀಪ ಆರಿಸಿ, ಟಿವಿ ರಿಮೋಟಿನ ಮುಂದಿನ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ಯಾವುದಾದರೂ ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣದ ರಿಮೋಟಿನ ತುದಿಯ ಸಣ್ಣ ಬಲ್ಬು ಬಹಳಷ್ಟು ಮೊಬೈಲುಗಳ ಪರದೆಯಲ್ಲಿ ನಸುನೇರಳೆಯಾಗಿಯೋ ಬಿಳಿಯಾಗಿಯೋ ಮಿನುಗುತ್ತದೆ. ಕ್ಯಾಮೆರಾದೊಳಗಿನ ಸಿಲಿಕಾನ್ ಸಂವೇದಕ ನಮ್ಮ ಕಣ್ಣಿಗಿಂತ ಹೆಚ್ಚು ದೂರದವರೆಗೆ, ಸುಮಾರು 1,100 ನ್ಯಾನೋಮೀಟರ್‌ವರೆಗೆ ಕಾಣಬಲ್ಲದು. ಫೋಟೋದ ಬಣ್ಣ ಕೆಡಬಾರದೆಂದು ತಯಾರಕರು ಅವಕೆಂಪನ್ನು ತಡೆಯುವ ಸೋಸುಗಾಜು ಹಾಕುತ್ತಾರೆ. ಹಸ್ತಪ್ರತಿ ಓದುವವರಿಗೆ ಬೇಕಾದದ್ದು ಇದಕ್ಕೆ ಪೂರ್ತಿ ತಿರುಗುಮುರುಗು: ಕಾಣುವ ಬೆಳಕನ್ನು ತಡೆದು ಅವಕೆಂಪನ್ನು ಮಾತ್ರ ಒಳಬಿಡುವ ಸೋಸುಗಾಜು.

ಇನ್ನು ಗರಿ ಮತ್ತು ಮಸಿಯ ಸ್ವಭಾವ ನೋಡಿ. ಹಳೆಯ ಗರಿ ಕಂದಾಗಿ ಕಾಣುವುದು ಅದರಲ್ಲಿ, ಅದಕ್ಕೆ ಹಚ್ಚಿದ ಎಣ್ಣೆಯಲ್ಲಿ ಹುಟ್ಟಿಕೊಂಡ ರಾಸಾಯನಿಕಗಳಿಂದ. ಇವು ನೀಲಿ ಬೆಳಕನ್ನು ಬಹಳ ಹೀರುತ್ತವೆ, ಹಸಿರನ್ನು ಸ್ವಲ್ಪ ಕಡಿಮೆ, ಕೆಂಪನ್ನು ಇನ್ನೂ ಕಡಿಮೆ. ಅವಕೆಂಪಿಗೆ ಬರುವಾಗ ಹೀರುವ ಶಕ್ತಿ ಬಹುಮಟ್ಟಿಗೆ ಹೋಗಿಬಿಡುತ್ತದೆ. ಆದ್ದರಿಂದ ನಮ್ಮ ಕಣ್ಣಿಗೆ ಕಡುಕಂದಾದ ಗರಿ ಅವಕೆಂಪು ಕ್ಯಾಮೆರಾಕ್ಕೆ ತಿಳಿಬಣ್ಣದ ಎಲೆ. ಕಾಡಿಗೆಯ ಕತೆ ಬೇರೆ. ಅದು ಇಂಗಾಲ. ಇಂಗಾಲ ನೇರಳೆಯಿಂದ ಅವಕೆಂಪಿನವರೆಗೆ ಎಲ್ಲ ಬೆಳಕನ್ನೂ ಹೆಚ್ಚುಕಡಿಮೆ ಒಂದೇ ರೀತಿ ಹೀರುತ್ತದೆ. ಎಲ್ಲ ಬೆಳಕಿನಲ್ಲೂ ಅದು ಕಪ್ಪೇ. ಹಿನ್ನೆಲೆ ಬೆಳಗಾಗುತ್ತದೆ, ಅಕ್ಷರ ಕಪ್ಪಾಗಿ ನಿಲ್ಲುತ್ತದೆ. ಇಡೀ ತಂತ್ರದ ತಿರುಳು ಇಷ್ಟು. ಮಸಿಗೆ ಕಾಡಿಗೆಯನ್ನೇ ಆರಿಸಿದ ನಮ್ಮ ಹಿಂದಿನವರ ಜಾಣತನಕ್ಕೂ ಇಲ್ಲಿ ಪಾಲಿದೆ. ಯುರೋಪಿನ ಕಬ್ಬಿಣಾಂಶದ ಮಸಿ ಅವಕೆಂಪಿನಲ್ಲಿ ಮಾಸಿಹೋಗುತ್ತದೆ. ಅಂಥ ಮಸಿ ಇಲ್ಲಿದ್ದಿದ್ದರೆ ಈ ಉಪಾಯ ಫಲಿಸುತ್ತಿರಲಿಲ್ಲ. 1947ರಲ್ಲಿ ಸಿಕ್ಕಿದ ಮೃತ ಸಮುದ್ರದ ಸುರುಳಿಗಳನ್ನು 1950ರ ದಶಕದಲ್ಲೇ ಅವಕೆಂಪು ಫೋಟೋ ತೆಗೆದು ಓದಿದ್ದರು. ಅಲ್ಲಿಯೂ ಮಸಿ ಹೆಚ್ಚಾಗಿ ಇಂಗಾಲದ್ದೇ.

ಎರಡಡಿಗೂ ಉದ್ದದ ಗರಿಯನ್ನು ಒಂದೇ ಚಿತ್ರದಲ್ಲಿ ಹಿಡಿದರೆ ಅಕ್ಷರದ ಸೂಕ್ಷ್ಮ ಹೋಗುತ್ತದೆ. ಹಾಗಾಗಿ ಪ್ರತಿ ಗರಿಯ ಹಿಂದುಮುಂದನ್ನು ಎಂಟರಿಂದ ಹತ್ತು ತುಂಡುಗಳಾಗಿ ತೆಗೆದರು. ಮಾಡಿಗೆ ಹಂಚು ಹೊದಿಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಇಡುತ್ತೇವಲ್ಲ, ಹಾಗೆ ಒಂದು ಚಿತ್ರದ ತುದಿ ಮುಂದಿನ ಚಿತ್ರದಲ್ಲೂ ಬಂದರೆ ಆಮೇಲೆ ಕಂಪ್ಯೂಟರಿನಲ್ಲಿ ಬಿರುಕಿಲ್ಲದೆ ಜೋಡಿಸಬಹುದು. ಒಟ್ಟು 7,900 ಚಿತ್ರಗಳಾದವು. ಜೋಡಿಸಿ, ಹದಗೊಳಿಸಿದ ಮೇಲೆ ಪುಸ್ತಕರೂಪಕ್ಕೂ ಡಿಜಿಟಲ್ ರೂಪಕ್ಕೂ ತಂದರು. ಕಂಪ್ಯೂಟರ್ ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆಯ ಮೇಲೆ ಪುಟಗಳನ್ನು ಕಿರಿದಾಗಿಸಿ ಕೊರೆಯುವ ವಿಧಾನವನ್ನೂ ಮುಕುಂದ್ ಹಮ್ಮಿಕೊಂಡರು. ಹಾರ್ಡ್ ಡಿಸ್ಕ್ ಕೆಡುತ್ತದೆ, ಸಿ.ಡಿ. ಓದುವ ಯಂತ್ರವೇ ಹತ್ತು ವರ್ಷದಲ್ಲಿ ಮಾಯವಾಗುತ್ತದೆ. ಬಿಲ್ಲೆಯ ಮೇಲೆ ಕೊರೆದ ಅಕ್ಷರವನ್ನು ಓದಲು ಹಿಗ್ಗಿಸಿ ತೋರಿಸುವ ಗಾಜು ಸಾಕು. ಕಂಟದಿಂದ ಗರಿಯನ್ನು ಕೊರೆದವರ ವಿವೇಕಕ್ಕೇ ಹೊಸ ತಂತ್ರಜ್ಞಾನವೂ ಬಂದು ನಿಂತಿತು: ಉಳಿಯಬೇಕಾದದ್ದನ್ನು ಕೊರೆದಿಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗರಿಗಳು ಅಮೆರಿಕಕ್ಕೆ ಹೋಗಲಿಲ್ಲ, ಕ್ಯಾಮೆರಾ ಉಡುಪಿಗೆ ಬಂತು. ಮನೆಯ ಓಲೆಗರಿ ತೋರಿಸಿದರೆ ಯಾರಾದರೂ ಕೊಂಡೊಯ್ದಾರು ಎಂಬ ಅಂಜಿಕೆ ಎಷ್ಟೋ ಕುಟುಂಬಗಳಲ್ಲಿದೆ. ಅದರಲ್ಲಿ ಅರ್ಥವೂ ಇದೆ, ಹಾಗೆ ಕಳೆದುಕೊಂಡವರು ಇದ್ದಾರೆ. ಆದರೆ ಇಂದು ಓಲೆಗರಿ ಮನೆಯ ದೇವರಕೋಣೆಯಲ್ಲೇ ಇದ್ದುಕೊಂಡು ಅದರ ಚಿತ್ರ ಮಾತ್ರ ಜಗತ್ತಿಗೆ ಸಿಗುವ ದಾರಿ ಇದೆ.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ಇಟಲಿಯ ಸುದ್ದಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಂ ಪಟ್ಟಣದ ಗ್ರಂಥಾಲಯವೊಂದು ಇದ್ದಲಾಯಿತು. 18ನೇ ಶತಮಾನದಲ್ಲಿ ಸಿಕ್ಕಿದ ಆ ಸುರುಳಿಗಳನ್ನು ಬಿಚ್ಚಲು ಹೋದರೆ ಪುಡಿಯಾಗುತ್ತಿದ್ದವು. ಅಲ್ಲಿ ಮಸಿಯೂ ಇಂಗಾಲ, ಸುಟ್ಟ ಹಾಳೆಯೂ ಇಂಗಾಲ. ಸುತ್ತಿಕೊಂಡೇ ಇರುವುದರಿಂದ ಒಳಗಿನ ಪದರಕ್ಕೆ ಅವಕೆಂಪು ತಲುಪುವುದೂ ಇಲ್ಲ. ಎಕ್ಸ್-ರೇ ಸ್ಕ್ಯಾನ್ ಮಾಡಿ, ಸುರುಳಿಯನ್ನು ಕಂಪ್ಯೂಟರಿನೊಳಗೇ ಬಿಚ್ಚಿ, ಮಸಿ ಇರುವಲ್ಲಿನ ಅತಿ ಸೂಕ್ಷ್ಮ ಗುರುತನ್ನು ಹುಡುಕಲು ಯಂತ್ರಕ್ಕೆ ಕಲಿಸಬೇಕಾಯಿತು. 2023ರಲ್ಲಿ ಇದಕ್ಕಾಗಿ ಜಾಗತಿಕ ಸ್ಪರ್ಧೆಯೇ ಶುರುವಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಲ್ಯೂಕ್ ಫ್ಯಾರಿಟರ್ ಎಂಬ ಅಮೆರಿಕದ ಕಾಲೇಜು ಹುಡುಗ ಮೊದಲ ಪದವನ್ನು ಕಾಣಿಸಿಕೊಟ್ಟ. 2024ರ ಫೆಬ್ರವರಿಯಲ್ಲಿ ಮೂವರು ಯುವಕರ ತಂಡಕ್ಕೆ 7 ಲಕ್ಷ ಡಾಲರ್ ಬಹುಮಾನ ಬಂತು. ಆದರೆ ಸುದ್ದಿಯ ಇನ್ನೊಂದು ಅರ್ಧ ನಮ್ಮಲ್ಲಿಗೆ ಬರಲಿಲ್ಲ. ಹುಡುಗರು ಕಾಣಿಸಿಕೊಟ್ಟ ಗ್ರೀಕ್ ಅಕ್ಷರಗಳನ್ನು ಓದಿ, ಇದು ಇಂಥ ಪದ, ಇಂಥ ತತ್ತ್ವಪಂಥದ ಮಾತು ಎಂದು ಹೇಳಿದವರು ಜೀವಮಾನವಿಡೀ ಪ್ರಾಚೀನ ಗ್ರೀಕ್ ಹಸ್ತಪ್ರತಿ ಓದಿದ ವಿದ್ವಾಂಸರು. ಅಂಥವರು ಇಲ್ಲದಿದ್ದರೆ ಪರದೆಯ ಮೇಲಿನ ಗೆರೆಗಳಿಗೆ ಅರ್ಥ ಬರುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಅಕ್ಷರವನ್ನು ಕಾಣಿಸುವುದು ಬೇರೆ, ಓದುವುದು ಬೇರೆ. ಕಾಣಿಸುವ ಉಪಕರಣ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದೆ, ಉತ್ತಮವಾಗುತ್ತಿದೆ. ಓದುವವರ ಸಂಖ್ಯೆ ಕರಗುತ್ತಿದೆ. ಮಠಗಳಲ್ಲಿ, ಹಳೆಯ ಮನೆತನಗಳಲ್ಲಿ ತುಳು ಲಿಪಿಯನ್ನು ಸರಾಗವಾಗಿ ಓದುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮಲಯಾಳಕ್ಕೆ ಹತ್ತಿರದ ನೆಂಟನಾದ, ಗ್ರಂಥ ಲಿಪಿಯಿಂದ ಬಂದ ಈ ಲಿಪಿಯನ್ನು ಶತಮಾನಗಳ ಕಾಲ ಸಂಸ್ಕೃತ ಬರೆಯಲು ತುಳುನಾಡಿನಲ್ಲೂ ಮಲೆನಾಡಿನಲ್ಲೂ ಬಳಸಿದರು. ಅಚ್ಚಿನ ಮೊಳೆ ಬಂದಾಗ ತುಳುವಿಗೂ ಕನ್ನಡ ಲಿಪಿಯೇ ಬಂತು, ಹಳೆಯದು ಅಟ್ಟ ಸೇರಿತು.

ಓದುವವನೊಬ್ಬ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನ ವೆಂಕಟರಾಜ ಪುಣಿಂಚತ್ತಾಯರ ಕೆಲಸ ಸಾಕ್ಷಿ. ತುಳುವಿಗೆ ಪಾಡ್ದನಗಳಂಥ ಮೌಖಿಕ ಸಂಪತ್ತು ಉಂಟು, ಹಳೆಯ ಬರಹದ ಕಾವ್ಯ ಇಲ್ಲ ಎಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು. ಪುಣಿಂಚತ್ತಾಯರು ಓಲೆಗರಿಗಳನ್ನು ಹುಡುಕಿ ಓದಿ, ‘ಕಾವೇರಿ’, ವಿಷ್ಣುತುಂಗ ಕವಿಯ ‘ಶ್ರೀ ಭಾಗವತೊ’, ಅರುಣಾಬ್ಜ ಕವಿಯ ‘ಮಹಾಭಾರತೊ’ ಮುಂತಾದ ಪ್ರಾಚೀನ ತುಳು ಕಾವ್ಯಗಳನ್ನು ಬೆಳಕಿಗೆ ತಂದರು. ಅರುಣಾಬ್ಜ ನಮ್ಮ ಉಡುಪಿ ಪಕ್ಕದ ಕೊಡವೂರಿನವನೆಂದು ಹೇಳುತ್ತಾರೆ. ಒಂದು ಭಾಷೆಯ ಸಾಹಿತ್ಯ ಚರಿತ್ರೆಯೇ ಶತಮಾನಗಳಷ್ಟು ಹಿಂದಕ್ಕೆ ಸರಿಯಿತು. ಇದಕ್ಕೆ ಹಾರೆ ಗುದ್ದಲಿ ಬೇಕಾಗಲಿಲ್ಲ.

ಮೈಸೂರಿನಲ್ಲೂ ಹಾಗೆಯೇ ಆಯಿತು. 1891ರಲ್ಲಿ ಶುರುವಾದ ಅಲ್ಲಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಗರಿ ಕಟ್ಟೊಂದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬಿಚ್ಚಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. ಅದುವರೆಗೆ ಬೇರೆ ಗ್ರಂಥಗಳಲ್ಲಿನ ಉಲ್ಲೇಖದಿಂದಷ್ಟೇ ಜನ ಅದನ್ನು ಬಲ್ಲವರಾಗಿದ್ದರು. 1909ರಲ್ಲಿ ಅಚ್ಚಾದ ಮೇಲೆ ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಬರೆಯುವವರೆಲ್ಲ ಹೊಸದಾಗಿ ಬರೆಯಬೇಕಾಯಿತು. ಕಾರ್ಕಳದಿಂದ ತುಸು ದೂರದ ಮೂಡಬಿದಿರೆಯ ಬಸದಿಯಲ್ಲಿ ಧವಳಾ, ಜಯಧವಳಾ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ಪೂಜೆ, ದರ್ಶನಕ್ಕಷ್ಟೇ ಹೊರಬರುತ್ತಿದ್ದವು. ಹಳಗನ್ನಡ ಲಿಪಿಯಲ್ಲಿ ಪ್ರಾಕೃತ ಭಾಷೆ. 1939ರಿಂದ ಧವಳಾ ಸಂಪುಟಗಳು ಅಚ್ಚಾಗತೊಡಗಿದಾಗ ಜೈನ ಆಗಮದ ಅಧ್ಯಯನಕ್ಕೇ ಹೊಸ ಬುನಾದಿ ಸಿಕ್ಕಿತು. ಕಣ್ಣೆದುರಿಗಿದ್ದದ್ದನ್ನು ಓದಿದ್ದೇ ಈ ಎಲ್ಲ ಕಡೆಯೂ ನಡೆದ ಶೋಧನೆ.

ದೇಶದಲ್ಲಿ ಸುಮಾರು 1 ಕೋಟಿ ಹಸ್ತಪ್ರತಿಗಳಿವೆ ಎಂಬ ಅಂದಾಜಿದೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಶುರುವಾಯಿತು, 2025ರ ಕೇಂದ್ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಎಂಬ ಹೊಸ ಯೋಜನೆ ಘೋಷಣೆಯಾಯಿತು. ಇನ್ನೊಂದು ಒಳ್ಳೆಯ ಸುದ್ದಿ 2024ರ ಸೆಪ್ಟೆಂಬರ್‌ನದು. ಜಗತ್ತಿನ ಲಿಪಿಗಳಿಗೆ ಕಂಪ್ಯೂಟರಿನಲ್ಲಿ ಜಾಗ ಕೊಡುವ ಯೂನಿಕೋಡ್‌ನ 16ನೇ ಆವೃತ್ತಿಯಲ್ಲಿ ಇದೇ ತುಳು ಲಿಪಿಗೆ ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ 80 ಸಂಕೇತಗಳು ಸಿಕ್ಕಿವೆ. ಇನ್ನು ಈ ಲಿಪಿಯನ್ನು ಚಿತ್ರವಾಗಿ ಅಲ್ಲ, ಅಕ್ಷರವಾಗಿಯೇ ಟೈಪಿಸಬಹುದು, ಹುಡುಕಬಹುದು. ಮುಂದೆ ಯಂತ್ರವೇ ಓಲೆಗರಿ ಓದುವ ಕಾಲವೂ ಬರಬಹುದು. ಆದರೆ ಯಂತ್ರಕ್ಕೆ ಓದು ಕಲಿಸಬೇಕಾದರೆ ಮೊದಲು ಮನುಷ್ಯರು ಸಾವಿರಾರು ಸಾಲುಗಳನ್ನು ಸರಿಯಾಗಿ ಓದಿ, ಬರೆದು ಕೊಡಬೇಕು. ಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ನಿಮ್ಮ ಮನೆಯ ಅಟ್ಟದಲ್ಲಿ, ದೇವರಕೋಣೆಯಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಓಲೆಗರಿಯ ಕಟ್ಟಿದ್ದರೆ ದಯವಿಟ್ಟು ಹೊಳೆಗೆ, ಸಮುದ್ರಕ್ಕೆ ಬಿಡಬೇಡಿ. ಮನೆ ಕೆಡವಿ ಕಟ್ಟುವಾಗ ಅದನ್ನು ಮೊದಲು ಕೆಳಗಿಳಿಸಿ. ತೆಂಗಿನೆಣ್ಣೆ, ಎಳ್ಳೆಣ್ಣೆ ಯಾವುದನ್ನೂ ಹಚ್ಚಬೇಡಿ. ತಜ್ಞರು ಮಜ್ಜಿಗೆಹುಲ್ಲಿನ ಎಣ್ಣೆಯಂಥದ್ದನ್ನು ಅಳತೆ ನೋಡಿ ಬಳಸುತ್ತಾರೆ, ಅದು ಅವರ ಕೆಲಸ. ಅಂಟಿಕೊಂಡ ಗರಿಗಳನ್ನು ಉಗುರಿನಿಂದ, ಚಾಕುವಿನಿಂದ ಬಿಡಿಸಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ, ಬಿಸಿಲು ನೇರ ಬೀಳದ ಜಾಗದಲ್ಲಿಡಿ. ಸಲೀಸಾಗಿ ಬಿಚ್ಚಿಕೊಳ್ಳುವ ಒಂದೆರಡು ಗರಿಗಳನ್ನು ಪಕ್ಕದಿಂದ ಟಾರ್ಚು ಹಿಡಿದು, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ, ಧರ್ಮಸ್ಥಳದ ಸಂಸ್ಕೃತಿ ಸಂಶೋಧನಾ ಪ್ರತಿಷ್ಠಾನದಂಥ ಸಂಸ್ಥೆಗಳಿಗೆ ತಿಳಿಸಿ. ಅದು ವೇದಾಂತವೇ ಆಗಬೇಕಿಲ್ಲ. ಮನೆವೈದ್ಯದ ಪಟ್ಟಿಯಿರಬಹುದು, ಜಮೀನಿನ ಲೆಕ್ಕವಿರಬಹುದು, ಜಾತಕವಿರಬಹುದು, ಯಾರೂ ಕೇಳಿರದ ಕಾವ್ಯವೇ ಇರಬಹುದು. ಓದದೆ ಹೇಳಲು ಬರುವುದಿಲ್ಲ.

ಕಾಲೇಜಿನ ಮಕ್ಕಳಿಗೆ ಇನ್ನೊಂದು ಮಾತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಲಿಯುವವರಿಗೆ ಕ್ಯಾಮೆರಾ, ಸಂವೇದಕ, ಚಿತ್ರ ಸಂಸ್ಕರಣೆಯ ಪಾಠ ಸಿಗುತ್ತದೆ. ಉಡುಪಿಯಲ್ಲಿ ಸಂಸ್ಕೃತ, ಕನ್ನಡ, ತುಳು ಓದುವವರಿಗೆ ಲಿಪಿ, ವ್ಯಾಕರಣ ಸಿಗುತ್ತದೆ. ಇವೆರಡರ ನಡುವೆ ಇರುವುದು ಐದಾರು ಕಿಲೋಮೀಟರ್ ದಾರಿ. ಆ ಹುಡುಗರೂ ಈ ಹುಡುಗರೂ ಒಂದೇ ಮೇಜಿನ ಮುಂದೆ ಕೂತರೆ ಮುಂದಿನ ಸರ್ವಮೂಲಕ್ಕೆ ರೋಚೆಸ್ಟರ್‌ನಿಂದ ತಂಡ ಬರಬೇಕಾಗಿಲ್ಲ. ತುಳು ಲಿಪಿಯ ಅಕ್ಷರಗಳನ್ನು ಗುರುತಿಸಲು ಕಲಿಯುವುದು ಆಸಕ್ತಿ ಇದ್ದವರಿಗೆ ಕೆಲವೇ ವಾರಗಳ ಕೆಲಸ, ಕೈಬರಹದ ಜಾಡು ಹಿಡಿಯಲು ಇನ್ನೂ ಕೆಲವು ತಿಂಗಳು ಬೇಕು. ಊರಿನ ಒಬ್ಬ ಹಿರಿಯರ ಪಕ್ಕ ಕೂತು ಒಂದು ಗರಿ ಪೂರ್ತಿ ಓದಿ ಬರೆದುಕೊಂಡವನು, ಕುತೂಹಲದಿಂದ ಸುದ್ದಿ ಓದುವವನಾಗಿ ಉಳಿಯುವುದಿಲ್ಲ, ಸುದ್ದಿಯಾಗಬೇಕಾದ ಶೋಧನೆಯಲ್ಲಿ ತಾನೂ ಪಾಲುದಾರನಾಗುತ್ತಾನೆ.